ರಾಣಿಯ ಉಪವಾಸ

ದಾವಣಗೆರೆಯ ನೀಲಮ್ಮ, ಕೆಲಸಕ್ಕೆ ಹೋಗುವವರ ನಾಯಿಗಳನ್ನು ಹಗಲೊತ್ತು ತನ್ನ ಮನೆಯಲ್ಲೇ ನೋಡಿಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ದೊಡ್ಡ ಅಧಿಕಾರಿ ವಿರೂಪಾಕ್ಷಪ್ಪ ಜೀಪಿನಿಂದಿಳಿದು, ಸೊರಗಿದ ಮುದಿ ನಾಯಿಯೊಂದನ್ನು ಅವಳ ಜಗುಲಿಗೆ ತಂದು ಬಿಟ್ಟರು.

"ಇದು ನಮ್ಮವ್ವನ ರಾಣಿ. ಅವ್ವ ತೀರಿಹೋಗಿ ಐದು ದಿನ ಆಯ್ತು. ಅವತ್ತಿಂದ ಇದು ಏನೂ ಮುಟ್ಟಿಲ್ಲ. ಸಂಜೆಯೊಳಗೆ ಇದು ಊಟ ಮಾಡಿರಬೇಕು. ಇದು ನನ್ನ ಆರ್ಡರ್!"

ನೀಲಮ್ಮ ಹಾಲು ಅನ್ನ ಕಲಸಿದಳು, ಮುದ್ದಿಸಿದಳು, ಬೇಡಿಕೊಂಡಳು. ರಾಣಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿತು.

ಸಂಜೆ ಬಂದ ಸಾಹೇಬರು ಗುಡುಗಿದರು. "ಇಷ್ಟೂ ಆಗಲಿಲ್ವಾ ನಿನ್ನ ಕೈಲಿ?"

ಗುಡುಗುವಾಗ ಅವರ ತುಟಿ ನಡುಗಿದ್ದನ್ನು ನೀಲಮ್ಮ ಕಂಡಳು.

"ನಿಮ್ಮ ಆರ್ಡರ್ ಹೇಳಿದೆ ಸಾಹೇಬ್ರೇ, ಅದು ಕಿವಿಗೇ ಹಾಕ್ಕೊಳ್ಳಲಿಲ್ಲ. ಅದಿರ್ಲಿ, ನಿಮ್ಮವ್ವ ಊಟಕ್ಕೆ ಹೆಂಗೆ ಕರೀತಿದ್ರು?"

"ನಾಯೀನಾ? ನನಗೇನು ಗೊತ್ತು!"

"ನಾಯೀನಲ್ಲ, ನಿಮ್ಮನ್ನ."

ಸಾಹೇಬರು ಜೊತೆಗೆ ಬಂದಿದ್ದ ಡ್ರೈವರನನ್ನು ಹೊರಗೆ ಕಳಿಸಿದರು. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ನೆಲಕ್ಕೆ ಕೂತು, ಒಂದು ತುತ್ತು ಅಂಗೈಯಲ್ಲಿ ಹಿಡಿದು, ಅವ್ವನ ರಾಗದಲ್ಲೇ ಮೆಲ್ಲಗೆ ಕರೆದರು.

"ಬಾರೋ ನನ್ನಪ್ಪಾ... ಒಂದೇ ಒಂದು ತುತ್ತು ತಿನ್ನೋ..."

ರಾಣಿಯ ಕಿವಿಗಳು ನೆಟ್ಟಗಾದವು. ತಡವರಿಸುತ್ತ ಎದ್ದು ಬಂದು, ಅಂಗೈ ಮೂಸಿ, ಆ ತುತ್ತನ್ನು ತಿಂದಿತು.

ಅವ್ವನನ್ನು ಮಣ್ಣು ಮಾಡುವಾಗಲೂ ಕಣ್ಣೀರು ಹಾಕದಿದ್ದ ಸಾಹೇಬರು, ನಾಯಿಯ ಕೊರಳು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತರು.

ಅವರು ಅತ್ತು ಮುಗಿಯುವವರೆಗೂ ನೀಲಮ್ಮ ಕಾದಳು. ಆಮೇಲೆ ಒಳಗಿನಿಂದ ಬಿಸಿ ಅನ್ನ, ಸಾರು ತಂದು ಅವರ ಮುಂದಿಟ್ಟಳು.

"ಅದು ತಿಂತು. ಇನ್ನು ನೀವು ಉಣ್ಣಿ."