ಬಾಯುಪಚಾರದವರು

ಗುರು ಅಡವಯ್ಯನವರಿಗೆ ವಯಸ್ಸಾಗಿತ್ತು. ಹೊಳೆದಂಡೆಯ ಆಶ್ರಮದ ಹೊಣೆಯನ್ನು ಶಿಷ್ಯ ಚಿದಂಬರನಿಗೆ ಒಪ್ಪಿಸುತ್ತೇನೆ ಎಂದರು.

“ನಿನ್ನ ಬೆನ್ನಿಗೆ ನಾವಿದ್ದೇವೆ” ಎಂದರು ಉಳಿದ ಶಿಷ್ಯರು.

ಅಲ್ಲಿಂದ ಶುರುವಾಯಿತು ನೋಡಿ. ಒಬ್ಬ ಹಾಲು ತಂದುಕೊಟ್ಟರೆ, ಯಾಕೆ ತಂದ? ಇಬ್ಬರು ಪಿಸುಗುಟ್ಟಿದರೆ, ಏನು ಮಸಲತ್ತು? ಚಿದಂಬರನಿಗೆ ಅನ್ನ ಸೇರಲಿಲ್ಲ.

“ಗುರುಗಳೇ, ಇವರದೆಲ್ಲ ಬರೀ ಬಾಯುಪಚಾರ.”

“ಹಾಗಂದ್ರೇನಪ್ಪಾ?”

“ಬಾಯಲ್ಲಿ ಬೆಟ್ಟ ಹೊರ್ತಾರೆ, ಕೈಯಲ್ಲಿ ಹುಲ್ಲುಕಡ್ಡಿ ಎತ್ತಲ್ಲ. ಅದರಲ್ಲೂ ಆ ನಿಜಗುಣ! ಎಲ್ಲರಿಗಿಂತ ಜೋರಾಗಿ ಮಾತು ಕೊಟ್ಟವನು ಅವನೇ. ಅವನನ್ನ ಕಳಿಸಿಬಿಡಿ. ಇಲ್ಲದಿದ್ರೆ ಈ ಹೊಣೆ ನನಗೆ ಬೇಡ.”

“ಆಗಲಿ, ನೋಡೋಣ. ಮೊದಲು ಆ ಚಪ್ಪಡಿ ಮೇಲೆ ಬರಲಿ.”

ನೆರೆ ಬಂದಾಗ ಸ್ನಾನಘಟ್ಟದ ಚಪ್ಪಡಿಯೊಂದು ಹೊಳೆಗೆ ಜಾರಿತ್ತು. ಶಿಷ್ಯರು ಅದಕ್ಕೆ ಹಗ್ಗ ಬಿಗಿದು ಸಾಲಾಗಿ ನಿಂತರು. ನಿಜಗುಣ “ಐಸಾ!” ಎಂದು ಕೂಗುವನು, ಉಳಿದವರು ದನಿಗೂಡಿಸಿ ಎಳೆಯುವರು. ಚಿದಂಬರ ಬೇಕೆಂತಲೇ ಸಾಲಿನ ಕೊನೆಗೆ ನಿಂತಿದ್ದ. ಅಲ್ಲಿಂದ ಎಲ್ಲರೂ ಕಾಣುತ್ತಾರೆ.

ಅರ್ಧ ದಂಡೆ ಹತ್ತಿದ ಚಪ್ಪಡಿ ಸರ್ರನೆ ಹಿಂದಕ್ಕೆ ಜಾರಿತು. ಹುರಿಹಗ್ಗ ಕೈಗಳನ್ನು ಉಜ್ಜಿಕೊಂಡು ಹೋಯಿತು.

“ಬಿಡಬೇಡ್ರೋ!” ಎಂದು ಅರಚಿದ ನಿಜಗುಣ.

ಹಲ್ಲು ಕಚ್ಚಿ ಮತ್ತೆ ಎಳೆದರು. ಅಂತೂ ಇಂತೂ ಚಪ್ಪಡಿ ಮೇಲೆ ಬಂತು.

ಸ್ವಲ್ಪ ಹೊತ್ತಿಗೆ ಚಿದಂಬರ ಗುರುಗಳ ಮುಂದೆ ಹಾಜರು.

“ಕಣ್ಣಾರೆ ನೋಡಿದೆ ಗುರುಗಳೇ! ಮೊದಲಿಂದ ಕೊನೆವರೆಗೂ ಅವನ ಮೇಲಿಂದ ಕಣ್ಣು ತೆಗೀಲಿಲ್ಲ. ಕೂಗಿದ್ದೇ ಕೂಗಿದ್ದು! ಉಸಿರು ಕಟ್ಟಿ ಎಳೆಯೋನಿಗೆ ಅಷ್ಟು ಗಂಟಲು ಎಲ್ಲಿಂದ ಬರುತ್ತೆ, ನೀವೇ ಹೇಳಿ.”

“ಅಷ್ಟು ಚೆನ್ನಾಗಿ ನೋಡಿದೆಯಾ?”

“ಒಂದು ಗಳಿಗೆ ಬೇರೆ ಕಡೆ ತಿರುಗಿಲ್ಲ.”

ಗುರುಗಳ ಕೈಯಲ್ಲಿ ಕೊಬ್ಬರಿ ಎಣ್ಣೆಯ ಬಟ್ಟಲಿತ್ತು.

“ಎಲ್ಲರ ಅಂಗೈಗೂ ಹಚ್ಚಿ ಬಂದೆ ಕಣಪ್ಪಾ. ಹಗ್ಗ ಉಜ್ಜಿ ಕೆಂಪಗಾಗಿವೆ. ನಿಜಗುಣನದಂತೂ ಸುಲಿದೇ ಹೋಗಿದೆ, ಪಾಪ. ಎಲ್ಲಿ, ನಿನ್ನ ಕೈ ತೋರಿಸು.”

ಚಿದಂಬರ ಎರಡೂ ಕೈ ಚಾಚಿದ.

ಗುರುಗಳು ಅವನ ಅಂಗೈ ಮೇಲೆ ನಿಧಾನವಾಗಿ ಬೆರಳಾಡಿಸಿದರು. ಆಮೇಲೆ ಬಟ್ಟಲನ್ನು ಪಕ್ಕಕ್ಕಿಟ್ಟರು.

“ನಿನಗೆ ಎಣ್ಣೆ ಬೇಡ ಬಿಡು.”