ಎನಾಕನ ಮಂಡಿ

ಎನಾಕ್ ಇಂಗ್ಲೆಂಡಿನ ಒಬ್ಬ ಫುಟ್‌ಬಾಲ್ ಆಟಗಾರ. ಮೊದಲ ಮಹಾಯುದ್ಧದ ಕಾಲದವನು. ಆಗಿನ ಆಟದಲ್ಲಿ ಬದಲಿ ಆಟಗಾರ ಎಂಬುದೇ ಇರಲಿಲ್ಲ. ಒಬ್ಬ ಪೆಟ್ಟು ತಿಂದು ಹೊರಗೆ ಕೂತರೆ ಉಳಿದ ಹತ್ತು ಜನರೇ ಹೆಣಗಬೇಕು. ಹಾಗಾಗಿ ಕಾಲು ಮುರಿದರೂ ಆಟಗಾರರು ಬಾಯಿ ಬಿಡುತ್ತಿರಲಿಲ್ಲ. ಕುಂಟುತ್ತ ಆಡುವವನಿಗೆ ಜನ ಚಪ್ಪಾಳೆ ತಟ್ಟುತ್ತಿದ್ದರು. ತಟ್ಟುವವರಿಗೇನು, ನೋಯುವುದು ಅವರ ಕಾಲಲ್ಲವಲ್ಲ! ಎನಾಕನಂತೂ ನೋವು ಮುಚ್ಚಿಡುವ ವಿದ್ಯೆಯಲ್ಲಿ ಮಹಾಪಂಡಿತ.

ಯುದ್ಧ ಬಂತು, ಎನಾಕ್ ಸೈನ್ಯ ಸೇರಿದ. ಗಾಯಾಳುಗಳನ್ನು ಸ್ಟ್ರೆಚರಿನಲ್ಲಿ ಡಾಕ್ಟರ ಬಳಿ ಹೊತ್ತೊಯ್ಯುವ ಕೆಲಸ ಅವನದು. ಜೊತೆಗೆ ಹೊರುವವನು ಜೋಬ್. ಕಲ್ಲಿದ್ದಲು ಗಣಿಯಿಂದ ಬಂದವನು, ಬಾಯಿ ಬೊಂಬಾಯಿ.

ಒಂದು ಬೆಳಿಗ್ಗೆ ತುಕಡಿಯ ಅಡುಗೆಯವನ ತೊಡೆಗೆ ಸಿಡಿಗುಂಡಿನ ಚೂರು ಹೊಕ್ಕಿತು. ಇಬ್ಬರೂ ಅವನನ್ನು ಎತ್ತಿಕೊಂಡು ಹೊರಟರು. ಜೋಬ್ ಮುಂದೆ, ಎನಾಕ್ ಹಿಂದೆ. ಹಾದಿಯೆಲ್ಲ ಕೆಸರು. ಎನಾಕ್ ಜಾರಿದ. ಮಂಡಿಯೊಳಗೆ ಏನೋ ಕಳಕ್ ಎಂದಿತು.

ಜೋಬ್ ತಿರುಗಿ ನೋಡಿದ. "ಏನಾಯ್ತೋ?"

"ಏನಿಲ್ಲ, ನಡಿ."

"ಏನಿಲ್ಲ ಅಂದವನ ಮುಖ ಯಾಕೋ ಸುಣ್ಣ ಬಳಿದ ಹಾಗಿದೆ?"

"ಮುಂದೆ ನೋಡಿ ನಡಿಯೋ, ನನ್ನ ಮುಖ ಆಮೇಲೆ ನೋಡುವೆಯಂತೆ."

ಮುಂದೆ ನೀರು ತುಂಬಿದ ದೊಡ್ಡ ಹೊಂಡ. ದಾಟಲು ಬರೀ ಎರಡು ಹಲಗೆ. ದಡದಲ್ಲಿ ಬದಲಿ ಹೊರುವವರು ಚಹಾ ಕುಡಿಯುತ್ತ ಕೂತಿದ್ದರು. ದಣಿದವರಿಂದ ಸ್ಟ್ರೆಚರ್ ತೆಗೆದುಕೊಳ್ಳುವುದೇ ಅವರ ಕೆಲಸ.

"ಕೈ ಬದಲಿಸಬೇಕಾ?" ಎಂದು ಒಬ್ಬ ಕೇಳಿದ.

"ಬೇಡ," ಎಂದ ಎನಾಕ್, ಯೋಚಿಸುವ ಮೊದಲೇ.

ಹಲಗೆಯ ಮೇಲೆ ಒಂದು ಹೆಜ್ಜೆ ಇಟ್ಟ. ಮಂಡಿ ತೊಯ್ದಾಡಿತು. ಸ್ಟ್ರೆಚರ್ ಒಂದು ಬದಿಗೆ ವಾಲಿತು. ಅಡುಗೆಯವನು ಅಂಚನ್ನು ಅವಚಿ ಹಿಡಿದು, "ಅಣ್ಣಾ, ನನಗೆ ಈಜು ಬರೋದಿಲ್ಲ," ಎಂದ.

ಎನಾಕ್ ಮುಂದೆ ಹೋಗಲಾರ, ನಿಲ್ಲಲಾರ. ಈಗ ಬಾಯಿ ಬಿಟ್ಟರೆ ಇವರೆಲ್ಲ ಏನೆಂದಾರು? ಬಿಡದಿದ್ದರೆ ಇವನ ಗತಿ? ಬೆವರು ಕಣ್ಣಿಗಿಳಿಯಿತು.

ಅವನು ಹಿಂದಕ್ಕೆ ಕಾಲಿಟ್ಟ. "ನಿಲ್ಲೋ ಜೋಬ್. ನನ್ನ ಮಂಡಿ ಹೋಗಿದೆ. ಯಾರಾದರೂ ಬಂದು ಹಿಡಿಯಿರಿ."

"ಓಹೋ, ನಮ್ಮ ದೊಡ್ಡ ಆಟಗಾರ ಸುಸ್ತಾದನೋ!" ಎಂದು ಒಬ್ಬ ನಕ್ಕ. ಆದರೆ ನಗುತ್ತಲೇ ಎದ್ದು ಬಂದು ಹಿಡಿಕೆ ಹಿಡಿದ.

ಸ್ಟ್ರೆಚರ್ ಆಚೆ ದಡ ಸೇರಿತು. ಈಚೆ ದಡದಲ್ಲಿ ಎನಾಕ್ ಕೂರಲಿಲ್ಲ, ಚಹಾ ಮುಟ್ಟಲಿಲ್ಲ. ಒಂಟಿ ಕಾಲಿನಲ್ಲಿ ಅತ್ತಿತ್ತ ಕುಪ್ಪಳಿಸುತ್ತ ಆಚೆಗೇ ನೋಡುತ್ತಿದ್ದ.

ಮಧ್ಯಾಹ್ನ ಜೋಬ್ ಹಿಂತಿರುಗಿದ. "ಬದುಕಿದ ಕಣೋ. ಆಗಲೇ ಡಾಕ್ಟರ ಗಂಜಿಗೆ ಉಪ್ಪು ಸಾಲದು ಅಂತ ತಕರಾರು! ಈಗ ಆ ಮಂಡಿ ತೋರಿಸು."

ಎನಾಕ್ ಕೆಸರಿನಲ್ಲಿ ಕೂತು ಮೆಲ್ಲಗೆ ಪ್ಯಾಂಟು ಮೇಲೆ ಸರಿಸಿದ. ಮಂಡಿ ಕುಂಬಳಕಾಯಿಯಷ್ಟು ಊದಿತ್ತು.

"ನೋಯ್ತಿದೆಯಾ?"

"ತುಂಬಾ," ಎಂದ ಎನಾಕ್.

ನೀತಿ: ನಿಮ್ಮ ನೋವು ನಿಮ್ಮದು ಮಾತ್ರವಾಗಿದ್ದರೆ ನುಂಗಿಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಇನ್ನೊಬ್ಬರ ಜೀವ ಕೈಯಲ್ಲಿರುವಾಗ "ನನ್ನಿಂದಾಗದು" ಎಂದು ಸಮಯಕ್ಕೆ ಹೇಳುವವನೇ ಧೀರ. ನಗುವವರು ನಕ್ಕು ಸುಮ್ಮನಾಗುತ್ತಾರೆ; ಹೋದ ಜೀವ ಬರುವುದಿಲ್ಲ.