ಎಲೆಗೆ ಅಡ್ಡ ಹಿಡಿದ ಕೈ

"ಪ್ರೀತಿಯಿಂದ ಕೊಟ್ಟದ್ದು ಹೆಚ್ಚಾದರೆ ಅದೂ ತಪ್ಪೇ?" ಎಂದು ಮಠದ ಶಿಷ್ಯ ಶಂಭು ಕೇಳಿದ.

ಕೇಳಲು ಕಾರಣವಿತ್ತು. ಮಧ್ಯಾಹ್ನ ಮಠಕ್ಕೆ ಬಂದ ಮುದುಕ ಯಾತ್ರಿಕನಿಗೆ ಹುಗ್ಗಿ ಬಡಿಸಿದವನು ಅವನೇ. ಮುದುಕ ಸಾಕೆಂದು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದಿದ್ದ. ಶಂಭು "ಸಂಕೋಚ ಬೇಡಿ ಅಜ್ಜಾ" ಎಂದು ಆ ಕೈಗಳನ್ನು ನಯವಾಗಿ ಸರಿಸಿ ಇನ್ನೂ ಮೂರು ಸೌಟು ಹಾಕಿದ. ಮಠದ ಅನ್ನ ಎಲೆಯಲ್ಲಿ ಬಿಡಬಾರದೆಂದು ಮುದುಕ ಅಷ್ಟನ್ನೂ ತಿಂದ. ಈಗ ಹೊರಗಿನ ಜಗಲಿಯಲ್ಲಿ ಹೊಟ್ಟೆ ಹಿಡಿದುಕೊಂಡು ಮಲಗಿದ್ದಾನೆ.

ಹಿರಿಯ ಗುರುಗಳು ಊರಲ್ಲಿರಲಿಲ್ಲ. ಪಾಠ ಹೇಳುವ ಜಾಗದಲ್ಲಿ ಅಂದೇ ಮೊದಲ ಸಲ ಕೂತವರು ಮಡಿವಾಳಯ್ಯನವರು. ಪ್ರಶ್ನೆ ಬರುತ್ತದೆಂದು ಅವರು ಹೆದರಿಯೇ ಇದ್ದರು. ಬಂದೇಬಿಟ್ಟಿತು.

"ನನಗೆ ಕತೆ ಹೇಳಲು ಸರಿಯಾಗಿ ಬರುವುದಿಲ್ಲ, ಶಂಭು. ಗುರುಗಳಾಗಿದ್ದರೆ ನಾಲ್ಕು ಮಾತಿನಲ್ಲಿ ಮುಗಿಸುತ್ತಿದ್ದರು. ನಾನು ಬಿಡಿಸಿ ಬಿಡಿಸಿ ಹೇಳಿ ಕೆಡಿಸುತ್ತೇನೆ. ಮೊದಲೇ ಕ್ಷಮೆ ಕೇಳಿಬಿಡುತ್ತೇನೆ," ಎಂದರು. "ಕನ್ಯೆಯೊಬ್ಬಳು ಗಂಡ ಬೇಕೆಂದು ಐದು ಸಲ ಬೇಡಿದಳು, ದೇವರು ಐವರನ್ನು ಕೊಟ್ಟ ಎಂಬ ಹಳೆಯ ಕತೆ ನಿನಗೆ ಗೊತ್ತು. ಇದೂ ಅದೇ ಕತೆ. ಆದರೆ ನನ್ನ ಕತೆಯಲ್ಲಿ ಕನ್ಯೆಯ ಬದಲು ಒಬ್ಬ ತಾಯಿ ಇದ್ದಾಳೆ."

ಹೀಗೆಂದು ಅವರು ಹೇಳತೊಡಗಿದರು.

ಒಬ್ಬ ಕುರಿಗಾಹಿ ಹೆಂಗಸು ಇದ್ದಳು. ಗಂಡ ತೀರಿಕೊಂಡಿದ್ದ. ಇದ್ದವನು ಒಬ್ಬನೇ ಮಗ. ಮಗುವಿಗೆ ಜ್ವರ ಏರಿ ಮೈ ಸೆಟೆದುಕೊಂಡಾಗ ಅವಳು ಅದನ್ನು ಎತ್ತಿಕೊಂಡು ಗುಡ್ಡದ ಮೇಲಿನ ಮುನಿಯ ಬಳಿಗೆ ಓಡಿದಳು. ಮುನಿ ಹನ್ನೆರಡು ವರ್ಷ ಮೌನದಲ್ಲಿದ್ದು ಆಗಷ್ಟೇ ಕಣ್ಣು ತೆರೆದಿದ್ದ. ಅಷ್ಟು ಕಾಲ ಮಾತಾಡದವನಿಗೆ ದನಿ ಬೇಗ ಹೊರಡುವುದಿಲ್ಲ. ಇದನ್ನು ನೆನಪಿಟ್ಟುಕೋ.

"ನನ್ನ ಮಗನಿಗೆ ಆಯುಷ್ಯ ಕೊಡಪ್ಪಾ" ಎಂದಳು. ಮುನಿಯ ತುಟಿ ಅಲುಗಿತು, ದನಿ ಬರಲಿಲ್ಲ. ಕೇಳಿಸಲಿಲ್ಲವೇನೋ ಎಂದು ಅವಳು ಅಳುತ್ತಾ ಮತ್ತೆ ಹೇಳಿದಳು. ಮತ್ತೆ ಹೇಳಿದಳು. ಹೀಗೆ ಐದು ಸಲವಾಯಿತು. ಆಗ ಮುನಿಗೆ ದನಿ ಬಂತು.

"ಐದು ಸಲ ಕೇಳಿದೆ ತಾಯಿ. ಐದು ಆಯುಷ್ಯ ಕೊಟ್ಟಿದ್ದೇನೆ. ಒಂದೊಂದೂ ತುಂಬು ನೂರು ವರ್ಷ."

ಮಗು ಕಣ್ಣು ಬಿಟ್ಟು ಹಾಲು ಕೇಳಿತು. ತಾಯಿ ಕಾಲಿಗೆ ಬಿದ್ದಳು. ಮುನಿಯ ಕಣ್ಣೂ ಒದ್ದೆಯಾಯಿತು. ಅವನಲ್ಲಿ ಕಪಟವಿರಲಿಲ್ಲ, ಶಂಭು. ಇದನ್ನು ಎರಡು ಸಲ ಬೇಕಾದರೂ ಹೇಳುತ್ತೇನೆ. ಅವನಲ್ಲಿ ಕಪಟವಿರಲಿಲ್ಲ.

ಮೊದಲ ನೂರು ವರ್ಷ ಚೆನ್ನಾಗಿಯೇ ಹೋಯಿತು. ಮಗ ತಾಯಿಯನ್ನು ಮಣ್ಣು ಮಾಡಿದ. ಅದು ಎಲ್ಲ ಮಕ್ಕಳ ಪಾಲಿನ ಕೆಲಸ. ಹೆಂಡತಿಯನ್ನು ಮಣ್ಣು ಮಾಡಿದ. ಆಮೇಲೆ ಮಕ್ಕಳನ್ನು, ಮೊಮ್ಮಕ್ಕಳನ್ನು, ಅವರ ಮಕ್ಕಳನ್ನು. ಮನೆಯವರು ಕೆಟ್ಟವರಲ್ಲ. ಹೊತ್ತಿಗೆ ಸರಿಯಾಗಿ ಊಟ ಇಡುತ್ತಿದ್ದರು, ಚಳಿಗೆ ಕಂಬಳಿ ಹೊದಿಸುತ್ತಿದ್ದರು. ಆದರೆ ಅಜ್ಜ, ಮುತ್ತಜ್ಜ ಎಂಬ ಮಾತುಗಳು ಮುಗಿದಿದ್ದವು. ಅದಕ್ಕೂ ಹಿಂದಿನವನನ್ನು ಕರೆಯಲು ಹೆಸರಿರಲಿಲ್ಲ. "ಅವರದು ಊಟ ಆಯಿತೇ?" ಎಂದು ತಮ್ಮತಮ್ಮಲ್ಲೇ ಕೇಳಿಕೊಳ್ಳುತ್ತಿದ್ದರು, ಅಷ್ಟೇ. ತಿಥಿಯ ಊಟಕ್ಕೆ ಕೂತಾಗ ಅವನು ಎಲೆಗೆ ಕೈ ಅಡ್ಡ ಹಿಡಿದರೆ, ಹೊಸ ಸೊಸೆಯೊಬ್ಬಳು ನಗುತ್ತಾ ಸರಿಸುತ್ತಿದ್ದಳು. "ಇನ್ನೂ ಎಷ್ಟು ಕಾಲ ಇರಬೇಕಾದವರು ನೀವು, ತಿನ್ನಿ!"

ನಾಲ್ಕು ನೂರು ವರ್ಷ ತುಂಬಿದ ದಿನ ಅವನು ಕೋಲೂರಿಕೊಂಡು ಗುಡ್ಡ ಹತ್ತಿದ. ಮುನಿ ಅಲ್ಲೇ ಇದ್ದ.

"ಏನು ಬೇಕು, ಕೇಳು" ಎಂದ ಮುನಿ.

"ಏನೂ ಬೇಡ ಸ್ವಾಮಿ. ಇನ್ನೂ ನೂರು ವರ್ಷ ಉಳಿದಿದೆ. ವಾಪಸು ತಗೊಳ್ಳಿ."

ಮುನಿಗೆ ಗುರುತು ಸಿಕ್ಕಿತು. ಅವನ ಮುಖ ಬಾಡಿತು. "ನಿನ್ನ ತಾಯಿ ಐದು ಸಲ ಬೇಡಿದ್ದಳಪ್ಪಾ. ನಾನು ಒಂದನ್ನೂ ಕಡಿಮೆ ಮಾಡಲಿಲ್ಲ."

"ಅವಳು ಬೇಡಿದ್ದು ಒಂದೇ ಸಲ" ಎಂದ ಮುದುಕ. "ಉಳಿದ ನಾಲ್ಕು ಸಲ ಅತ್ತದ್ದು."

ಅಷ್ಟು ಹೇಳಿ ಅವನು ಎರಡೂ ಕೈಯನ್ನು, ಎಲೆಗೆ ಅಡ್ಡ ಹಿಡಿದಂತೆ, ಮುನಿಯ ಮುಂದೆ ಹಿಡಿದ. ಮುನಿ ಬಹಳ ಹೊತ್ತು ಆ ಕೈಗಳನ್ನು ನೋಡಿದ. ಸರಿಸಲಿಲ್ಲ. ತನ್ನ ಹೊದಿಕೆಯನ್ನು ನೆಲಕ್ಕೆ ಹಾಸಿದ. ಮುದುಕ ಅದರ ಮೇಲೆ ಮಲಗಿದ. ಮತ್ತೆ ಏಳಲಿಲ್ಲ.

ಕತೆ ಮುಗಿಯಿತು. ಶಂಭು ತಲೆ ತಗ್ಗಿಸಿ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಮಡಿವಾಳಯ್ಯನವರು ಅವನಿಗೆ ಅರ್ಥವಾಗಲಿಲ್ಲವೇನೋ ಎಂದುಕೊಂಡರು.

"ಅಂದರೆ, ನೋಡು, ಮುನಿ ಕೊಟ್ಟದ್ದು ಪ್ರೀತಿಯಿಂದಲೇ. ನೀನೂ ಬಡಿಸಿದ್ದು ಪ್ರೀತಿಯಿಂದಲೇ, ಅದರಲ್ಲಿ ಸಂಶಯವಿಲ್ಲ. ಆದರೆ ಮುನಿ ಅವಳ ಮಾತನ್ನು ಎಣಿಸಿದ. ಎಣಿಸುವುದಕ್ಕೂ ಕೇಳಿಸಿಕೊಳ್ಳುವುದಕ್ಕೂ ಏನು ಅಂತರವೆಂದರೆ, ಈಗ ಕೇಳಿಸಿಕೊಳ್ಳುವವನು ಮೊದಲು..."

"ಅಯ್ಯನವರೇ!" ಜಗಲಿಯಿಂದ ನರಳುವ ದನಿ ಬಂತು. "ಸ್ವಲ್ಪ ಈ ಕಡೆ ಬನ್ನಿ. ಅರ್ಧ ಲೋಟ ಬಿಸಿನೀರು ಬೇಕಿತ್ತು. ಬಡಿಸಿದ ಆ ಪುಣ್ಯಾತ್ಮನ ಕೈಲಿ ಮಾತ್ರ ಕಳಿಸಬೇಡಿ!"

ಮಡಿವಾಳಯ್ಯನವರು ಮಾತನ್ನು ಅರ್ಧಕ್ಕೇ ಬಿಟ್ಟು ಎದ್ದರು. ಹೊಸ್ತಿಲ ಬಳಿ ನಿಂತು ತಿರುಗಿ ನೋಡಿದರು.

"ನೀನೇ ತಾ, ಶಂಭು. ಅರ್ಧವೆಂದರೆ ಅರ್ಧ."